ಚಿಪ್ಪಿನ ಹಿಂದಿನ ಗುಂಡಿ

ಮೊಣಕಾಲಿನ ದೊಡ್ಡ ಆಪರೇಷನ್ನಿಗೆ ನಮ್ಮಲ್ಲಿ ‘ಚಿಪ್ಪು ಬದಲಾಯಿಸಿದರು’ ಎನ್ನುವ ರೂಢಿ. ಪೇಪರಿನಲ್ಲೂ ಹಾಗೇ ಬರೆಯುತ್ತಾರೆ. ನಿಜಕ್ಕೂ ಬದಲಾಗುವುದು ತೊಡೆಮೂಳೆಯ ಕೆಳತುದಿ, ಕಣಕಾಲಿನ ಮೂಳೆಯ ಮೇಲ್ತುದಿ. ಒಂದಕ್ಕೆ ಲೋಹದ ಟೊಪ್ಪಿಗೆ, ಇನ್ನೊಂದಕ್ಕೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕು. ಚಿಪ್ಪನ್ನು ಯಾರೂ ಕಿತ್ತು ಬದಲಾಯಿಸುವುದಿಲ್ಲ. ಹೆಚ್ಚೆಂದರೆ ಅದರ ಸವೆದ ಒಳಮೈಯನ್ನು ಸಪಾಟಾಗಿ ಕೊಯ್ದು, ಅಲ್ಲಿ ಪ್ಲಾಸ್ಟಿಕ್ಕಿನ ಒಂದು ಗುಂಡಿಯನ್ನು ಸಿಮೆಂಟಿನಿಂದ ಅಂಟಿಸುತ್ತಾರೆ. ಎಷ್ಟೋ ಜನರಿಗೆ ಅದನ್ನೂ ಮಾಡುವುದಿಲ್ಲ.

ನನ್ನ ಅವ್ವನಿಗೆ ಒಂದು ಕಾಲಿಗೆ ಮಾಡಿದ್ದಾರೆ, ಇನ್ನೊಂದಕ್ಕೆ ಮಾಡಿಲ್ಲ. ಬಲಗಾಲಿನ ಆಪರೇಷನ್ 2013ರಲ್ಲಿ ಬೆಳಗಾವಿಯಲ್ಲಾಯಿತು, ಚಿಪ್ಪನ್ನು ಮುಟ್ಟಲಿಲ್ಲ. ಎಡಗಾಲಿನದು ಅವಳು ಅಥಣಿ ಬಿಟ್ಟು ಖರಾಡಿಯ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ, ಪುಣೆಯಲ್ಲಿ. ಅಥಣಿಯವಳಾದ್ದರಿಂದ ಅವಳಿಗೆ ಮರಾಠಿ ಬರುತ್ತದೆ. ಡಾಕ್ಟರು ನನ್ನನ್ನು ಬಿಟ್ಟು ನೇರ ಅವಳ ಹತ್ತಿರವೇ ಮಾತಾಡಿದರು. ಮರಾಠಿಯಲ್ಲಿ ಚಿಪ್ಪಿಗೆ ‘ವಾಟೀ’ ಅನ್ನುತ್ತಾರೆ, ಬಟ್ಟಲು. ‘ಆಜೀ, ಈ ಸಲ ವಾಟಿಗೂ ಗುಂಡಿ ಹಾಕೋಣವೇ?’ ಎಂದು ಕೇಳಿದರು. ‘ಹೋದ ಸಲ ಯಾಕೆ ಹಾಕಲಿಲ್ಲ?’ ಎಂದಳು ಅವ್ವ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಹಲವು ರಾತ್ರಿ ಓದಿದೆ. ಬೆಳಗಾವಿಯವರು ಏನನ್ನೂ ತಪ್ಪಿಸಿರಲಿಲ್ಲ. ಜಗತ್ತಿನ ಡಾಕ್ಟರುಗಳೇ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದಲ್ಲಿ ಬಹುಪಾಲು ರೋಗಿಗಳಿಗೆ ಗುಂಡಿ ಹಾಕುತ್ತಾರೆ. ನಾರ್ವೆ, ಸ್ವೀಡನ್ನುಗಳಲ್ಲಿ ಹಾಕುವುದೇ ಅಪರೂಪ. ಮೊಣಕಾಲು ಒಂದೇ, ಕಾಯಿಲೆ ಒಂದೇ, ಲೋಹವೂ ಹೆಚ್ಚುಕಡಿಮೆ ಅದೇ. ಆದರೂ ದೇಶದ ಗಡಿ ದಾಟಿದರೆ ಪದ್ಧತಿ ಬದಲಾಗುತ್ತದೆ.

ಬ್ರಿಟನ್ನಿನವರು ಇದನ್ನು ಚೀಟಿ ಎತ್ತಿದ ಹಾಗೆ ಪರೀಕ್ಷೆ ಮಾಡಿ ನೋಡಿದರು. 1999ರಿಂದ 2003ರವರೆಗೆ ರೋಗಿಗಳನ್ನು ಸೇರಿಸಿಕೊಂಡ ‘ಕ್ಯಾಟ್’ ಎಂಬ ದೊಡ್ಡ ಅಧ್ಯಯನದಲ್ಲಿ, ಚಿಪ್ಪಿನ ಪ್ರಶ್ನೆಗೆಂದೇ 1,715 ಜನರಿದ್ದರು. ಯಾರಿಗೆ ಗುಂಡಿ, ಯಾರಿಗೆ ಇಲ್ಲ ಎಂಬುದನ್ನು ಡಾಕ್ಟರರ ಇಷ್ಟಕ್ಕೆ ಬಿಡಲಿಲ್ಲ. ಹತ್ತು ವರ್ಷದ ಲೆಕ್ಕ 2014ರಲ್ಲಿ ಬಂತು. ನಡೆಯುವುದು, ಮೆಟ್ಟಿಲು, ನೋವು ಎಲ್ಲ ಸೇರಿಸಿ ರೋಗಿಗಳೇ ಕೊಟ್ಟ ಅಂಕಗಳಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಖರ್ಚು ನೋಡಿದರೆ ಗುಂಡಿ ಹಾಕುವುದೇ ಸ್ವಲ್ಪ ಲಾಭ ಎಂದು ಕಂಡಿತು. 2020ರಲ್ಲಿ ಅಲ್ಲಿನ ಸರ್ಕಾರಿ ಮಾರ್ಗಸೂಚಿಯೂ ಗುಂಡಿಯ ಕಡೆಗೇ ವಾಲಿತು.

ಇನ್ನೊಂದು ಸಂಗತಿ ಹಲವು ಲೆಕ್ಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ಚಿಪ್ಪನ್ನು ಹಾಗೇ ಬಿಟ್ಟವರಿಗೆ ಮುಂದೆ ಮತ್ತೊಂದು ಆಪರೇಷನ್ ಆಗುವ ಸಂಭವ ಹೆಚ್ಚು. ಇದನ್ನು ಓದಿದಾಗ ನನಗೆ ಬಲಗಾಲಿನ ಚಿಂತೆ ಹತ್ತಿಕೊಂಡಿತು. ಆದರೆ ಸ್ವಲ್ಪ ಯೋಚಿಸಿದರೆ ಅದರಲ್ಲೊಂದು ಮೋಸವಿದೆ. ಗುಂಡಿ ಇಲ್ಲದವನು ಮೊಣಕಾಲ ಮುಂದೆ ನೋವು ಎಂದರೆ ಡಾಕ್ಟರ ಕೈಯಲ್ಲಿ ಒಂದು ದಾರಿ ಉಳಿದಿರುತ್ತದೆ, ಗುಂಡಿ ಹಾಕಿಬಿಡಬಹುದು. ಗುಂಡಿ ಇದ್ದವನೂ ಅದೇ ನೋವು ಹೇಳಬಹುದು. ಅವನಿಗೆ ಏನು ಮಾಡುತ್ತಾರೆ? ಗುಳಿಗೆ ಬರೆದು ಕಳಿಸುತ್ತಾರೆ. ಅವನ ನೋವು ಆಪರೇಷನ್ನಿನ ಪಟ್ಟಿಗೆ ಸೇರುವುದೇ ಇಲ್ಲ.

ಗುಂಡಿಗೂ ತನ್ನದೇ ರಗಳೆಗಳಿವೆ. ಅಪರೂಪಕ್ಕೆ ಸಡಿಲಾಗುತ್ತದೆ, ಕೊಯ್ದು ತೆಳುವಾದ ಚಿಪ್ಪು ಒಡೆಯುತ್ತದೆ. ಒಡೆದರೆ ಸರಿಮಾಡುವುದು ಕಷ್ಟ. ನಮ್ಮ ಹೆಂಗಸರ ಚಿಪ್ಪು ಮೊದಲೇ ತೆಳು. ಅದಕ್ಕೇ ಡಾಕ್ಟರು ‘ಕಾಲು ತೆರೆದು ಅಳತೆ ಮಾಡಿಯೇ ನಿರ್ಧಾರ’ ಎಂದರು. ಅವ್ವನದು 21 ಮಿಲಿಮೀಟರ್ ಇತ್ತು. 8 ಕೊಯ್ದರೆ 13 ಉಳಿಯುತ್ತಿತ್ತು, ಅಷ್ಟು ಸಾಕು. ಗುಂಡಿ ಹಾಕಿದರು.

ಬೆಲೆಯ ಮಾತು. 2017ರ ಆಗಸ್ಟ್ 16ರಂದು ನಮ್ಮ ಬೆಂಗಳೂರಿನ ಅನಂತಕುಮಾರ್ ಕೇಂದ್ರ ಮಂತ್ರಿಯಾಗಿ ಮೊಣಕಾಲಿನ ಇಂಪ್ಲಾಂಟುಗಳಿಗೆ ಗರಿಷ್ಠ ಬೆಲೆ ಘೋಷಿಸಿದರು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಜೋಡಣೆಗೆ ತೆರಿಗೆ ಬಿಟ್ಟು 54,720 ರೂಪಾಯಿ. ಅದರಲ್ಲಿ ಚಿಪ್ಪಿನ ಗುಂಡಿಯ ಪಾಲು 4,090, ನಾಲ್ಕು ಭಾಗಗಳಲ್ಲಿ ಅದೇ ಅಗ್ಗ. ಆಮೇಲೆ ದರ ಬದಲಾಗಿದೆ. ಆದರೂ ದುಡ್ಡು ಉಳಿಸಲೆಂದು ಗುಂಡಿ ಬೇಡ ಎನ್ನುವ ಮನೆ ಕಡಿಮೆಯೇ ಇರಬೇಕು. ಆಸ್ಪತ್ರೆಯ ಬಿಲ್ಲಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ.

ಈಗ ಅವ್ವನಿಗೆ 72. ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಾಳೆ, ನೆಲಕ್ಕೆ ಕೂರುವುದನ್ನು ಬಿಟ್ಟಿದ್ದಾಳೆ. ಬೆಳಿಗ್ಗೆ ಸೊಸೈಟಿಯೊಳಗೆ ಎರಡು ಸುತ್ತು ಹಾಕುತ್ತಾಳೆ. ಯಾವ ಕಾಲು ಮೇಲು ಎಂದರೆ ಸಪಾಟು ನೆಲದಲ್ಲಿ ಎರಡೂ ಒಂದೇ ಎನ್ನುತ್ತಾಳೆ. ಲಿಫ್ಟ್ ಕೆಟ್ಟ ದಿನ ಮೆಟ್ಟಿಲಿಳಿಯುವಾಗ ಮಾತ್ರ ಬಲಗಾಲಿನ ಚಿಪ್ಪಿನ ಹಿಂದೆ ‘ಜುಮ್ಮ್’ ಅನ್ನುತ್ತದಂತೆ.

ಆ ಜುಮ್ಮನ್ನು ಹಿಡಿದುಕೊಂಡು ಮನೆಯಲ್ಲಿ ಚರ್ಚೆ ಎದ್ದಿತು. ಬಲಗಾಲಿಗೂ ಗುಂಡಿ ಹಾಕಿಸಿಬಿಡಿ ಎಂದು ಅಕ್ಕ ಹುಬ್ಬಳ್ಳಿಯಿಂದ ದಿನಾ ಫೋನು. ಎಡಗಾಲು ಚೆನ್ನಾಗಿರುವಾಗ ಆಸೆ ಸಹಜವೇ. ಆದರೆ ಹೀಗೆ ತಡವಾಗಿ ಗುಂಡಿ ಹಾಕಿಸಿಕೊಂಡವರ ಕಥೆ ಬೇರೆ: ನೋವು ಹೋದವರಿದ್ದಾರೆ, ಹೋಗದವರೂ ಕಡಿಮೆಯಿಲ್ಲ. ನೋವಿನ ಮೂಲ ಎಷ್ಟೋ ಸಲ ಚಿಪ್ಪಿನಲ್ಲಿರದೆ ಲೋಹ ಕೂತ ಕೋನದಲ್ಲಿರುತ್ತದೆ, ತೊಡೆಯ ಸ್ನಾಯುವಿನಲ್ಲಿರುತ್ತದೆ. ಅದಕ್ಕಾಗಿ ಚೆನ್ನಾಗಿ ಕೂತ ಮೊಣಕಾಲನ್ನು ಮತ್ತೆ ತೆರೆದರೆ ಸೋಂಕಿನ ಭಯ ಹೊಸದಾಗಿ ಶುರು. ಡಾಕ್ಟರೂ ಬೇಡವೆಂದರು. ನನಗೂ ಬೇಡವೆನಿಸಿತು. ಅವ್ವ ಅಕ್ಕನಿಗೆ ಫೋನಿನಲ್ಲೇ ಹೇಳಿದಳು: ‘ಹಳೇದು ದುಡಿಯಾಕತ್ತೈತಿ, ಅದನ್ನ ಯಾಕ ಕೆದರತಿ ಸುಮ್ಮನ?’

ಮೊನ್ನೆ ವರ್ಷದ ಎಕ್ಸ್‌ರೇ ತೆಗೆಸಿದೆವು. ಎರಡೂ ಕಾಲಿನ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಪ್ಲಾಸ್ಟಿಕ್ಕು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಡ ಚಿಪ್ಪಿನ ಹಿಂದೆ ಬರೀ ಒಂದು ಖಾಲಿ ಜಾಗ. ಅವ್ವ ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ನಾಲ್ಕ ಸಾವಿರದ ಗುಂಡಿ ಹಾಕ್ಯಾರೋ ಇಲ್ಲೋ, ತಮ್ಮಾ?’ ಎಂದಳು. ಚಿಪ್ಪಿನ ಒಳಮೈ ನೆಟ್ಟಗೆ ಗೀಟು ಹೊಡೆದ ಹಾಗೆ ಕೊಯ್ದಿರುವುದನ್ನು ಬೆರಳಿಟ್ಟು ತೋರಿಸಿದೆ. ಬಲಗಾಲಿನದು ಅಂಕುಡೊಂಕಾಗಿತ್ತು.