ಕಸಿದುಕೊಂಡ ಪುಸ್ತಕ

ಉಪಾಧ್ಯಾಯನಾಗಿದ್ದವನಿಗೆ ನಿವೃತ್ತಿಯ ಮೇಲೆ ತಾನು ಕಲಿಸಿದ ಪಾಠಗಳಿಗಿಂತ ಕೊಟ್ಟ ಶಿಕ್ಷೆಗಳೇ ಹೆಚ್ಚಾಗಿ ನೆನಪಿಗೆ ಬರುವುವು. 1989ನೆಯ ಇಸವಿ ಇರಬೇಕು. ಒಂಬತ್ತನೆಯ ತರಗತಿಯಲ್ಲಿ ರಘುವಂಶದ ಶ್ಲೋಕವೊಂದಕ್ಕೆ ಅನ್ವಯ ಹೇಳುತ್ತಿದ್ದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಪಠ್ಯಪುಸ್ತಕದ ಮರೆಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯನ್ನು ಓದುತ್ತಿದ್ದುದು ಕಣ್ಣಿಗೆ ಬಿದ್ದಿತು. ಹೋಗಿ ಕಸಿದುಕೊಂಡೆನು. “ಬಾಡಿಗೆ ಪುಸ್ತಕ ಸಾರ್, ಸಾಯಂಕಾಲ ವಾಪಸು ಕೊಡಬೇಕು” ಎಂದು ಹುಡುಗನು ಅಂಗಲಾಚಿದನು. “ಇದನ್ನು ಓದುವವನಿಗೆ ಕಾಳಿದಾಸನು ದಕ್ಕುವನೇನೋ?” ಎಂದು ತರಗತಿಯೆಲ್ಲ ನಗುವಂತೆ ಕೇಳಿ, ಪುಸ್ತಕವನ್ನು ಕೊಡದೆಯೇ ಮನೆಗೆ ಬಂದೆನು. ಅದರ ಬೆಲೆಯನ್ನು ಅವನು ಹೇಗೆ ತೆತ್ತನೋ ವಿಚಾರಿಸಲೂ ಇಲ್ಲ.

ಈ ಹಳೆಯ ಸಂಗತಿಯನ್ನು ಮತ್ತೆ ಕೆದಕಿದವಳು ನನ್ನ ಸೊಸೆ. ಕಳೆದ ಮಳೆಗಾಲದಲ್ಲಿ ನೆಗಡಿ ಹಿಡಿದು ಯಲಹಂಕದ ಮನೆಯೊಳಗೇ ಕುಳಿತಿದ್ದಾಗ, “ಮಾವ, ಇದನ್ನು ನೋಡಿ. ನೀವು ಬಸ್ಸಿನಲ್ಲಿ ಹಾದುಹೋಗುತ್ತೀರಲ್ಲ, ಆ ಕೃಷಿ ವಿಶ್ವವಿದ್ಯಾನಿಲಯದ ಮೇಷ್ಟ್ರು ಬರೆದದ್ದು” ಎಂದು ‘ಕನಕ ಮುಸುಕು’ ಎಂಬ ಕಾದಂಬರಿಯನ್ನು ಕೈಗಿತ್ತಳು. ಗ್ರಂಥಕರ್ತರು ಡಾಕ್ಟರ್ ಕೆ. ಎನ್. ಗಣೇಶಯ್ಯನವರು. ಹೆಬ್ಬಾಳದಿಂದ ನಮ್ಮೂರಿಗೆ ಬರುವ ಬಳ್ಳಾರಿ ರಸ್ತೆಯ ಪಕ್ಕದಲ್ಲಿ, ಜಿಕೆವಿಕೆ ಎಂದು ಎಲ್ಲರೂ ಕರೆಯುವ ಆ ಮರಗಳ ಆವರಣದಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದವರು. ಸಸ್ಯಗಳ ಸಂಶೋಧನೆಯಲ್ಲಿ ಹೆಸರು ಪಡೆದ ಮೇಲೆ ಕಥೆಗೆ ಕೈಯಿಟ್ಟವರು. ಪ್ರಯೋಗಶಾಲೆಯವರಿಗೆ ಕೊಲೆ, ನಿಧಿ, ಗುಪ್ತಲಿಪಿಗಳ ಗೊಡವೆಯೇಕೆ ಎಂದು ಮೊದಲು ನನಗೆ ಅನ್ನಿಸಿದ್ದು ನಿಜ.

ಆದರೆ ಅವರ ಶಾಸ್ತ್ರದಲ್ಲಿಯೇ ಒಂದು ಕೊಲೆಯುಂಟೆಂಬುದು ಆಮೇಲೆ ತಿಳಿಯಿತು. ಲಂಕೆಯ ಅಶೋಕವನದಲ್ಲಿ ಸೀತಾದೇವಿಯು ಕುಳಿತಿದ್ದುದು ಶಿಂಶಪಾ ವೃಕ್ಷದ ಕೆಳಗೆ. ಹನುಮಂತನು ಅಡಗಿದ್ದುದು ಅದರ ಎಲೆಗಳ ನಡುವೆ. ಇಂದಿನ ಸಸ್ಯಶಾಸ್ತ್ರಜ್ಞರು ಬೀಟೆಯ ದಾಯಾದಿಯಾದ ಸಿಸ್ಸೂ ಮರವನ್ನೇ ಆ ಶಿಂಶಪಾ ಎನ್ನುತ್ತಾರೆ. ಅದರ ಕಾಯಿಯಲ್ಲಿ ನಾಲ್ಕೈದು ಬೀಜಾಂಕುರಗಳು ಒಟ್ಟಿಗೆ ಹುಟ್ಟಿದರೂ ಸಾಮಾನ್ಯವಾಗಿ ಬಲಿಯುವುದು ಒಂದೇ. ಮಿಕ್ಕವು ಸಾಯುವುದೇಕೆ? ತಾಯಿಮರವೇ ಅವಕ್ಕೆ ಆಹಾರವನ್ನು ನಿಲ್ಲಿಸುವುದೋ, ಒಡಹುಟ್ಟಿದವರೊಳಗಿನ ವೈರವೋ? ಗಣೇಶಯ್ಯನವರೂ ಅವರ ಸಹೋದ್ಯೋಗಿಗಳಾದ ಆರ್. ಉಮಾಶಂಕರರೂ 1988ರಲ್ಲಿ ಈ ಪ್ರಶ್ನೆಯನ್ನೇ ತಲೆಬರಹವಾಗಿಟ್ಟುಕೊಂಡು ಪ್ರಬಂಧವನ್ನು ಪ್ರಕಟಿಸಿದರು. ಬಲಿಷ್ಠವಾದ ಅಂಕುರದಿಂದ ಹೊರಡುವ ರಸವೇ ತಮ್ಮಂದಿರ ಪಾಲಿಗೆ ವಿಷವಾಗುವುದೆಂದು ಅವರು ಕಂಡರು. ಉಳಿದವು ಸತ್ತರೆ ಕಾಯಿ ಹಗುರವಾಗುವುದು. ಗಾಳಿಯು ಅದನ್ನು ದೂರಕ್ಕೊಯ್ಯುವುದು. ಬದುಕಿದವನಿಗೆ ಅದೇ ಲಾಭ. ಕೊಲೆ, ಆಯುಧ, ಉದ್ದೇಶ, ಮೂರೂ ಸಿಕ್ಕಿದಂತಾಯಿತಲ್ಲವೇ? ಇಂಥದನ್ನು ಪತ್ತೆಮಾಡಿದವರಿಗೆ ಪತ್ತೇದಾರಿ ಕಥೆಯು ಪರದೇಶವಾದೀತೇ! ನಾನು ಇತ್ತ ಹುಡುಗನ ಕೈಯಿಂದ ಪುಸ್ತಕ ಕಿತ್ತ ಕಾಲವೂ ಅದೇ ಎಂಬುದು ಸ್ವಲ್ಪ ಚುಚ್ಚಿತು.

ಇಂಗ್ಲಿಷರಲ್ಲಿಯೂ ಇದು ಹೊಸದಲ್ಲ. ಷೆರ್ಲಾಕ್ ಹೋಮ್ಸನನ್ನು 1887ರಲ್ಲಿ ಲೋಕಕ್ಕೆ ತಂದ ಕಾನನ್ ಡಾಯಲನು ವೈದ್ಯನು; ಅವನಿಗೆ ಮಾದರಿಯಾದವನು ಎಡಿನ್‌ಬರೋದ ಗುರು, ಶಸ್ತ್ರವೈದ್ಯ ಜೋಸೆಫ್ ಬೆಲ್. ರೋಗಿಯ ಮೈಯನ್ನು ಓದಬಲ್ಲವನು ಕಳ್ಳನ ಹೆಜ್ಜೆಯನ್ನೂ ಓದಬಲ್ಲನು.

ಇನ್ನು ‘ಕನಕ ಮುಸುಕು’. ನಮ್ಮ ಸೋಮನಾಥಪುರದ ಕೇಶವಾಲಯವು 13ನೆಯ ಶತಮಾನದ್ದು. ಅಲ್ಲಿಯ ಕೆಲವು ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥ ವಸ್ತುವಿದೆ. ಜೋಳವೋ ಅಮೆರಿಕದ ಬೆಳೆ. ಕೊಲಂಬಸನು ಅಲ್ಲಿಗೆ ಹೋದದ್ದು 1492ರಲ್ಲಿ. ಅದು ತೆನೆಯೇ ಸರಿಯೆಂದು ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಜೋಹಾನೆಸೆನ್ 1989ರಲ್ಲಿ ಬರೆದರು. ಅಲ್ಲ, ಮುತ್ತುಗಳಿಂದ ಕೂಡಿದ ‘ಮುಕ್ತಾಫಲ’ವೆಂಬ ಕಲ್ಪಿತ ಹಣ್ಣೆಂದು ಭಾರತದ ಸಸ್ಯವಿಜ್ಞಾನಿಗಳಿಬ್ಬರು 1993ರಲ್ಲಿ ಉತ್ತರ ಕೊಟ್ಟರು. ಈ ವಿವಾದದ ಬೀಜವೇ ಕಾದಂಬರಿಯಲ್ಲಿ ಮೊಳೆತಿದೆ. ಕೋಶವನ್ನು ತೆಗೆದು ನೋಡಿದೆನು; ಮುಕ್ತಾಫಲವೆಂದರೆ ಮುತ್ತೆಂಬುದೇ ಮುಖ್ಯಾರ್ಥ, ಹಣ್ಣಿನ ಮಾತು ಆಮೇಲಿನದು. ಅಂದು ಹತ್ತು ಗಂಟೆಯ ತನಕ ಕೋಶಗಳನ್ನು ಹರಡಿಕೊಂಡು ಕುಳಿತಿದ್ದೆನು. ಪಾಠ ಹೇಳುವುದು ನಿಂತ ಮೇಲೆ ಅವುಗಳ ಧೂಳು ಕೊಡವಿದ್ದು ಅದೇ ಮೊದಲು.

ಒಂದು ಆಕ್ಷೇಪಣೆಯೂ ಉಂಟು. ಈ ಗ್ರಂಥಕರ್ತರು ಕಥೆಗೆ ಅಡಿಟಿಪ್ಪಣಿಗಳನ್ನೂ ಆಧಾರಗ್ರಂಥಗಳನ್ನೂ ಕೊಡುವರು. ವಿದ್ವತ್ತಿಗೆ ಅದು ಭೂಷಣವೇ. ಆದರೆ ಟಿಪ್ಪಣಿಯನ್ನು ಕಂಡೊಡನೆ ಕಥೆಯನ್ನೆಲ್ಲ ಇತಿಹಾಸವೆಂದು ನಂಬುವ ವಾಚಕರೂ ನಮ್ಮಲ್ಲಿದ್ದಾರೆ. ಕಲ್ಪನೆ ಎಲ್ಲಿ ಮೊದಲಾಯಿತೆಂದು ನನ್ನ ಸೊಸೆಯನ್ನು ಕೇಳಿದೆನು. “ಅದನ್ನು ಹುಡುಕುವುದೇ ಅಲ್ಲವೇ ಮಾವ ಸ್ವಾರಸ್ಯ?” ಎಂದಳು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಪುಸ್ತಕ ಮುಗಿದ ದಿನ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆನು. ಅಮರಕೋಶದ ಹರಕು ಪ್ರತಿಯ ಕೆಳಗೆ ಆ ಹುಡುಗನ ಪುಸ್ತಕವು ಹಾಗೆಯೇ ಇದ್ದಿತು. ಬಾಡಿಗೆ ಅಂಗಡಿಯ ನೇರಳೆ ಮುದ್ರೆ ಇನ್ನೂ ಮಾಸಿಲ್ಲ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ಆ ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು. ಅವರ ಒಂದು ಪುಟವನ್ನೂ ಓದದೆ ಅಂದು ತೀರ್ಪು ಕೊಟ್ಟಿದ್ದೆನು. ಅಂಗಡಿ ಎಲ್ಲಿತ್ತೋ ತಿಳಿಯದು. ಹುಡುಗನಿಗೆ ಈಗ ಐವತ್ತರ ಸಮೀಪ. ನಲವತ್ತು ಪುಟಗಳನ್ನು ಓದಿದ್ದೇನೆ. ಪತ್ತೇದಾರ ಪುರುಷೋತ್ತಮನು ಇದೀಗ ಬಾಗಿಲು ತಟ್ಟಿದ್ದಾನೆ. ಮನೆಯಾಕೆಯು ದೀಪ ಆರಿಸಿರೆಂದು ಎರಡು ಬಾರಿ ಕೂಗಿಯಾಯಿತು.