ಎಮ್ಮಿಗನೂರಿನಿಂದ ಕೊರಿಯಕ್ಕೆ

ಎಮ್ಮಿಗನೂರು ಎಂದೊಡನೆ ಪರಸ್ಥಳದವರ ನೆನಪು ಓಡುವುದು ಆಂಧ್ರದ ಕರ್ನೂಲು ಜಿಲ್ಲೆಗೆ. ಅಲ್ಲಿಯೂ ಇದೇ ಹೆಸರಿನ ಪಟ್ಟಣವೊಂದಿದೆ. 1938ರಲ್ಲಿ ಹುಟ್ಟಿದ ನೇಕಾರರ ಸಹಕಾರ ಸಂಘದಿಂದ ಅದು ಹೆಸರಾಯಿತು. ಕಂಪ್ಲಿಯ ಬಯಲಿನಲ್ಲಿರುವ ನಮ್ಮ ಕನ್ನಡದ ಎಮ್ಮಿಗನೂರಿಗೆ ಅಂತಹ ಕೀರ್ತಿಯೇನೂ ಇಲ್ಲ. ತುಂಗಭದ್ರೆಯ ನೀರುಂಡು ಹಸುರಾದ ಬತ್ತದ ಗದ್ದೆಗಳು, ಕನ್ನಡದೊಡನೆ ತೆಲುಗನ್ನೂ ಸಲೀಸಾಗಿ ಆಡುವ ಜನ, ಪಶ್ಚಿಮಕ್ಕೆ ಹೊರಟರೆ ಹಂಪಿಯ ಬಂಡೆಗಳು, ಇಷ್ಟು ಹೇಳಿದರೆ ಊರಿನ ಪರಿಚಯ ಬಹುಮಟ್ಟಿಗೆ ಮುಗಿಯಿತು.

ಈ ಸೀಮೆಗೆ ಪರದೇಶದವರು ಬಂದು ಕೆಲಕಾಲ ನಿಂತು ಹೋದದ್ದು ಹಳೆಯ ಕಥೆ. ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದು ಕೆಲವು ತಿಂಗಳು ತಂಗಿದ್ದನು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ ವಿಲಿಯಂ ರೀವ್, ಇಲ್ಲಿಯ ಮಾತನ್ನು ಕಲಿತು ಇಂಗ್ಲಿಷ್–ಕನ್ನಡ, ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ರಚಿಸಿದನು. ಎರಡನೆಯದು 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಆತನು ಬಂದದ್ದು ಮತಪ್ರಚಾರಕ್ಕೆ. ಆದರೆ ಉಳಿದದ್ದು ನಿಘಂಟು. ಬಿಳಿಯರು ಇಲ್ಲಿಗೆ ತಂದ ಇಂಗ್ಲಿಷನ್ನು ಇಲ್ಲಿಯವರೇ ಬೇರೆ ದೇಶಕ್ಕೆ ಕೊಂಡೊಯ್ಯುವ ಕಾಲವೂ ಬಂದೀತೆಂದು ಆಗ ಯಾರೂ ಎಣಿಸಿರಲಾರರು.

ಆ ಕಾಲವು ಬಂದುದು ಮೊದಲಿಗೆ ಇಥಿಯೋಪಿಯದ ಮೂಲಕ. ಇಟಲಿಯ ಆಕ್ರಮಣವು 1941ರಲ್ಲಿ ಕೊನೆಗೊಂಡ ತರುವಾಯ ಚಕ್ರವರ್ತಿ ಹೈಲೆ ಸೆಲಾಸಿ ತನ್ನ ಶಾಲೆಗಳಿಗೆ ಪರದೇಶದ ಉಪಾಧ್ಯಾಯರನ್ನು ಕರೆಸಿದನು. ಭಾರತದಿಂದ, ವಿಶೇಷವಾಗಿ ದಕ್ಷಿಣದಿಂದ, ಬಹುಮಂದಿ ಹೋದರು. ಹದಿಮೂರು ತಿಂಗಳ ಪಂಚಾಂಗಕ್ಕೂ, ಸೂರ್ಯೋದಯದಿಂದ ಗಂಟೆ ಎಣಿಸುವ ಗಡಿಯಾರಕ್ಕೂ ಅವರು ಹೊಂದಿಕೊಳ್ಳಬೇಕಾಯಿತು. 1974ರ ಕ್ರಾಂತಿಯಲ್ಲಿ ಚಕ್ರವರ್ತಿ ಪದಚ್ಯುತನಾದನು.

ಈಗ ತೆರೆದಿರುವ ಬಾಗಿಲುಗಳಲ್ಲಿ ಒಂದು ದಕ್ಷಿಣ ಕೊರಿಯದ್ದು. ಪೂರ್ಣವಾಗಿ ತೆರೆದಿದೆ ಎನ್ನುವಂತಿಲ್ಲ. ಅಲ್ಲಿ ಇಂಗ್ಲಿಷ್ ಕಲಿಸುವ ಇ–2 ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮಾತ್ರ: ಅಮೆರಿಕ, ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕ. ಎರಡು ದೇಶಗಳ ನಡುವಣ ಆರ್ಥಿಕ ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂದ ಮೇಲೆ, ಪದವಿಯೊಡನೆ ಇಂಗ್ಲಿಷ್ ಬೋಧನೆಯ ಅರ್ಹತೆಯನ್ನೂ ಪಡೆದ ಭಾರತೀಯರು ಅಲ್ಲಿಯ ಶಾಲೆಗಳಲ್ಲಿ ಸಹಾಯಕ ಉಪಾಧ್ಯಾಯರಾಗಲು ಅವಕಾಶವಾಯಿತು. ಏಳು ದೇಶದವರಿಗೆ ಹುಟ್ಟೇ ಅರ್ಹತೆ. ಬಳ್ಳಾರಿ ಜಿಲ್ಲೆಯವರು ಕಲಿಸಲು ಕಲಿತಿದ್ದೇವೆಂದು ಕಾಗದದಿಂದ ತೋರಿಸಬೇಕು. ಪೂರ್ತಿ ನ್ಯಾಯವಲ್ಲ, ಆದರೂ ಹೊರಡುವವರು ವಾದಕ್ಕೆ ನಿಲ್ಲುವುದಿಲ್ಲ, ಕಾಗದ ಕೂಡಿಸುತ್ತಾರೆ.

ಈ ಕಾಗದ ಕೂಡಿಸುವುದೇ ಒಂದು ತೀರ್ಥಯಾತ್ರೆ. ಪದವಿ ಪತ್ರವನ್ನು ಮೊದಲು ರಾಜ್ಯದ ಅಧಿಕಾರಿಗಳು ದೃಢೀಕರಿಸಬೇಕು. ಬಳಿಕ ವಿದೇಶಾಂಗ ಮಂತ್ರಾಲಯವು ಅಪಾಸ್ಟಿಲ್ ಎಂಬ ಮುದ್ರೆಯನ್ನು ಒತ್ತಬೇಕು. ಭಾರತವು 2005ರಲ್ಲಿ ಈ ಅಂತರರಾಷ್ಟ್ರೀಯ ವ್ಯವಸ್ಥೆಗೆ ಸೇರಿತು. ಮೇಲೆ ಅಪರಾಧವಿಲ್ಲವೆಂಬ ಪೋಲೀಸ್ ಪತ್ರ. ಈ ಸೀಮೆಯವರಿಗೆ ಇನ್ನೂ ಒಂದು ತೊಡಕುಂಟು. 2014ರ ನವೆಂಬರ್ 1ರಿಂದ ಬಳ್ಳಾರಿ, ಹೊಸಪೇಟೆಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಬಳ್ಳಾರಿಯ ವಿಶ್ವವಿದ್ಯಾನಿಲಯ ಹುಟ್ಟಿದ್ದು 2010ರಲ್ಲಿ. ಅದಕ್ಕೆ ಮುಂಚಿನವರ ಪದವಿಯಲ್ಲಿ ಗುಲ್ಬರ್ಗದ ಮುದ್ರೆ. ಹೊಸಪೇಟೆ ತಾಲ್ಲೂಕಿನಲ್ಲಿದ್ದ ಕಂಪ್ಲಿ ಈಗ ತಾನೇ ಒಂದು ತಾಲ್ಲೂಕು. ಹೊಸಪೇಟೆಯಾದರೋ 2021ರಿಂದ ವಿಜಯನಗರವೆಂಬ ಬೇರೆ ಜಿಲ್ಲೆಯ ಕೇಂದ್ರ. ಮನುಷ್ಯ ಹುಟ್ಟಿದ ಮನೆಯಿಂದ ಕದಲದಿದ್ದರೂ ಕಾಗದಗಳಲ್ಲಿ ಅವನ ಊರು ಅಲೆದಾಡಿರುತ್ತದೆ. ಇದನ್ನು ದೂರದೇಶದ ಗುಮಾಸ್ತನಿಗೆ ತಿಳಿಹೇಳುವುದು ವ್ಯಾಕರಣ ಪಾಠಕ್ಕಿಂತ ಕಠಿಣ.

ಇಷ್ಟೆಲ್ಲ ದಾಟಿದವರಿಗೆ ಕೊರಿಯದ ಭಾಷೆಯು ಒಂದು ಸಂತೋಷವನ್ನು ಕಾದಿರಿಸಿದೆ. ಅಲ್ಲಿಯ ಮಗುವೂ ತಂದೆಯನ್ನು ಕರೆಯುವುದು ‘ಅಪ್ಪಾ’ ಎಂದೇ, ತಾಯಿ ‘ಒಮ್ಮಾ’. ಇದು ಕೇವಲ ಆಕಸ್ಮಿಕವಾಗಿರಬಹುದು. ಆದರೆ ವಾಕ್ಯದ ಕೊನೆಗೆ ಕ್ರಿಯಾಪದವನ್ನಿಡುವುದು, ಹಿರಿಯರೊಡನೆ ಬೇರೆ ರೂಪದಲ್ಲಿ ಮಾತಾಡುವುದು ಕನ್ನಡಿಗನಿಗೆ ಹೊಸತೇ? ನಮ್ಮ ಹಳ್ಳಿಯ ಮಗು ‘ಸ್ಕೂಲ್’ ಎಂಬಲ್ಲಿ ನಾಲಗೆ ತೊಡರಿ ‘ಇಸ್ಕೂಲು’ ಎನ್ನುತ್ತದೆ. ಕೊರಿಯದ ಮಗು ಎರಡು ವ್ಯಂಜನಗಳ ನಡುವೆ ಸ್ವರ ಸೇರಿಸಿ ಹೆಚ್ಚುಕಡಮೆ ‘ಸುಕುಲ್’ ಎನ್ನುತ್ತದೆ. ನಮ್ಮ ‘ಬಸ್ಸು’ ಅಲ್ಲಿ ‘ಬೊಸು’. ನಮ್ಮ ಅಜ್ಜಿಯರ ‘ಕಾಪಿ’ ಅಲ್ಲಿ ‘ಕೊಪಿ’, ಏಕೆಂದರೆ ಇಂಗ್ಲಿಷಿನ ‘ಫ’ಕಾರ ಅವರಲ್ಲಿಲ್ಲ. ಇಂಗ್ಲಿಷನ್ನು ತೊಟ್ಟಿಲಲ್ಲೇ ಕಲಿತವನಿಗೆ ಈ ತಪ್ಪು ವಿಚಿತ್ರವಾಗಿ ಕೇಳುತ್ತದೆ. ಅದೇ ತಪ್ಪನ್ನು ತಿದ್ದಿಕೊಂಡು ಬೆಳೆದ ಎಮ್ಮಿಗನೂರಿನ ಉಪಾಧ್ಯಾಯಿನಿಗೆ ಅದರ ಬೇರು ಕಾಣುತ್ತದೆ. ವೀಸಾ ಕೊಡುವವರು ಇದನ್ನು ಅಳೆಯುವ ಮಾಪನ ಇಟ್ಟುಕೊಂಡಿಲ್ಲ.

ಮನೆಯಲ್ಲಿ ನಡೆಯುವ ಸಿದ್ಧತೆ ಬೇರೆ. ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು. “ವರ್ಷ ಅಂದ್ರ ಎಷ್ಟು ಹಬ್ಬ ಆಗ್ತಾವವ್ವ?” ಎಂದು ಅಜ್ಜಿ ಬೆರಳೆಣಿಸುತ್ತಾಳೆ. ಹೊರಡುವುದು ಹೆಣ್ಣುಮಗಳಾದರೆ ನೆಂಟರಿಷ್ಟರ ಮಾತು ಇನ್ನೊಂದು ಸುತ್ತು ನಡೆಯುತ್ತದೆ: ಮದುವೆಯ ಮಾತು ಮುಂದಕ್ಕೆ ಹೋಗಬಹುದೇ, ಸಾಲದ ಕಂತು ಯಾರು ಕಟ್ಟುವರು, ತಂದೆಗೆ ಕಾಯಿಲೆಯಾದರೆ ಬರಲು ಎಷ್ಟು ದಿನ ಬೇಕು. ಕೊನೆಯ ಪ್ರಶ್ನೆಗೆ ಯಾರೂ ಗಟ್ಟಿಯಾಗಿ ಉತ್ತರಿಸುವುದಿಲ್ಲ.

ಕೊರಿಯದ ಶಾಲೆಯ ವರ್ಷ ಮಾರ್ಚಿ ತಿಂಗಳಲ್ಲಿ ಮೊದಲಾಗುತ್ತದೆ. ಇಲ್ಲಿ ಬಿಸಿಲು ಏರುವ ಹೊತ್ತಿಗೆ ಉಣ್ಣೆಯ ಕೋಟು ಹುಡುಕಬೇಕು. ಚಳಿಯೆಂದರೆ ತೆಳ್ಳನೆಯ ಶಾಲು ಎಂದೇ ತಿಳಿದ ಕಂಪ್ಲಿಯ ಪೇಟೆಯಲ್ಲಿ ಅದು ಸುಲಭವಾಗಿ ಸಿಕ್ಕದು. ತೂಕದ ಮಿತಿಯೊಳಗೆ ಕೋಟಿನದೇ ದೊಡ್ಡ ಪಾಲಾಗಿ, ಉಳಿದ ಮೂಲೆಗಾಗಿ ಶೇಂಗಾ ಚಟ್ನಿಪುಡಿಗೂ ವ್ಯಾಕರಣ ಪುಸ್ತಕಕ್ಕೂ ಪೈಪೋಟಿ ನಡೆದು, ಹಲವು ಮನೆಗಳಲ್ಲಿ ಚಟ್ನಿಪುಡಿಯೇ ಗೆಲ್ಲುತ್ತದೆ. ಕಟಕ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಸೇರಿಸುತ್ತಾರೆ.

ಕಡೆಗೆ ತಾಯಿಗೆ ಗಡಿಯಾರದ ಲೆಕ್ಕ ಹೇಳಿಕೊಡಬೇಕು. ಕೊರಿಯದ ಹೊತ್ತು ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ಇಲ್ಲಿ ಸಂಜೆ ಆರಕ್ಕೆ ದೀಪ ಹಚ್ಚುವಾಗ ಅಲ್ಲಿ ರಾತ್ರಿ ಒಂಬತ್ತೂವರೆ. ಆದುದರಿಂದ ಫೋನು ಮಾಡುವುದಿದ್ದರೆ ಊಟದ ಕೆಲಸ ಮುಗಿಸಿ ಕುಳಿತ ಮೇಲೆ ಅಲ್ಲ, ದೀಪ ಹಚ್ಚಿದ ಕೂಡಲೇ.