ದಡ ಸೇರಿದ ಜಲಾಂತರ್ಗಾಮಿ, ಕಡಲಲ್ಲೇ ಉಳಿದ ಇನ್ನೊಂದು

ದಸರಾ ರಜೆಯಲ್ಲಿ ಮಕ್ಕಳೊಂದಿಗೆ ವಿಶಾಖಪಟ್ಟಣಕ್ಕೆ ಹೋದಾಗ ಎರಡನೇ ದಿನವೇ ಮಳೆ ಹಿಡಿಯಿತು. ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗುವುದು ಅಲ್ಲಿನವರಿಗೆ ಹೊಸದಲ್ಲ. ಅರಕು ಕಣಿವೆಯ ಪ್ರಯಾಣವನ್ನು ಮುಂದೂಡಿ, ಕೊಡೆ ಹಿಡಿದು ರಾಮಕೃಷ್ಣ ಬೀಚಿನತ್ತ ಹೊರಟೆವು.

ಪೂರ್ವ ನೌಕಾ ಕಮಾಂಡಿನ ಕೇಂದ್ರವಾಗಿರುವ ಈ ನಗರದ ಕಡಲತೀರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮರಳಿನ ಮೇಲೆ ನಿಂತಿರುವ 91 ಮೀಟರ್ ಉದ್ದದ ಕಪ್ಪು ಜಲಾಂತರ್ಗಾಮಿ, ಐಎನ್‌ಎಸ್ ಕುರ್ಸುರಾ. ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣವಾದ ಇದು 1969ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿತು. 31 ವರ್ಷಗಳ ಸೇವೆಯ ನಂತರ 2001ರಲ್ಲಿ ನಿವೃತ್ತಿಯಾಗಿ, 2002ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಕಾರವಾರದ ಕಡಲತೀರದಲ್ಲಿರುವ ಚಾಪೆಲ್ ಯುದ್ಧನೌಕೆಯನ್ನು ನಮ್ಮ ಮಕ್ಕಳು ಮೊದಲೇ ನೋಡಿದ್ದರು. ಆದರೆ ಜಲಾಂತರ್ಗಾಮಿಯ ಒಳಹೋಗುವ ಅನುಭವವೇ ಬೇರೆ. ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಲು ದುಂಡನೆಯ ಕಿರಿದಾದ ಬಾಗಿಲು. ದೊಡ್ಡವರು ಬೆನ್ನು ಬಗ್ಗಿಸಿ, ಒಂದೊಂದೇ ಕಾಲು ಎತ್ತಿಟ್ಟು ಹೋಗಬೇಕು. ಎಲ್ಲಿ ನೋಡಿದರೂ ಕೊಳವೆ, ಚಕ್ರ, ಮಾಪಕಗಳು. ಟಾರ್ಪಿಡೊಗಳ ಪಕ್ಕದಲ್ಲೇ ಮಲಗುವ ಹಲಗೆಗಳು. ಸುಮಾರು 75 ಮಂದಿ ಬಿಸಿಲು ಕಾಣದೆ ಇಲ್ಲಿ ದಿನಗಟ್ಟಲೆ ಬದುಕುತ್ತಿದ್ದರು.

"ಉಮ್ಮಾ, ಇಲ್ಲಿ ಮಲಗಿದರೆ ಕಾಲು ಚಾಚುವುದು ಹೇಗೆ?" ಎಂದು ಕಿರಿಯ ಮಗಳು ಕೇಳಿದಳು. ಅಲ್ಲಿ ಮಾರ್ಗದರ್ಶಕರಾಗಿದ್ದ ನಿವೃತ್ತ ನಾವಿಕರೊಬ್ಬರು ನಕ್ಕು, "ಕೆಲಸ ಮುಗಿಸಿ ಬಂದವನಿಗೆ ನಿದ್ದೆ ಬಂದರೆ ಸಾಕಮ್ಮ, ಕಾಲಿನ ನೆನಪು ಎಲ್ಲಿಂದ ಬರಬೇಕು?" ಎಂದು ಹಿಂದಿಯಲ್ಲಿ ಉತ್ತರಿಸಿದರು. ಒಂದು ಗುಟುಕು ಸಿಹಿನೀರನ್ನೂ ಎಣಿಸಿ ಬಳಸುತ್ತಿದ್ದ ದಿನಗಳನ್ನು ಅವರು ಬಣ್ಣಿಸುವಾಗ ಮಕ್ಕಳು ಮಳೆಯನ್ನೂ ಹಸಿವನ್ನೂ ಮರೆತಿದ್ದರು.

ರಸ್ತೆಯ ಆಚೆ ಬದಿಯಲ್ಲಿ ಟಿಯು-142 ವಿಮಾನವಿದೆ. 1988ರಿಂದ 2017ರವರೆಗೆ ಸೇವೆಯಲ್ಲಿದ್ದ ಈ ದೈತ್ಯ ವಿಮಾನಗಳ ಕೆಲಸ ಕಡಲೊಳಗೆ ಅಡಗಿರುವ ಜಲಾಂತರ್ಗಾಮಿಗಳನ್ನು ಹುಡುಕುವುದು. ಅಡಗುವುದೂ ಹುಡುಕುವುದೂ ಈಗ ಎದುರುಬದುರಾಗಿ ಸುಮ್ಮನೆ ನಿಂತಿವೆ.

ಅದೇ ರಸ್ತೆಯಲ್ಲಿ 1971ರ ಯುದ್ಧದ ನೆನಪಿಗಾಗಿ 1996ರಲ್ಲಿ ಕಟ್ಟಿದ 'ವಿಕ್ಟರಿ ಅಟ್ ಸೀ' ಸ್ಮಾರಕವಿದೆ. ಪ್ರತಿವರ್ಷ ಡಿಸೆಂಬರ್ 4ರ ನೌಕಾಪಡೆ ದಿನದಂದು ಇಲ್ಲಿ ಹುತಾತ್ಮರಿಗೆ ಪುಷ್ಪಗುಚ್ಛ ಅರ್ಪಿಸಲಾಗುತ್ತದೆ. ನಾವು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಇತ್ತು.

ಆ ಯುದ್ಧದಲ್ಲಿ ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಅನ್ನು ಮುಳುಗಿಸಲು ಪಾಕಿಸ್ತಾನದ ಜಲಾಂತರ್ಗಾಮಿ ಘಾಝಿ ಇಲ್ಲಿಯವರೆಗೂ ಬಂದಿತ್ತು. ಆದರೆ ವಿಕ್ರಾಂತ್ ಆಗ ಇಲ್ಲಿರಲಿಲ್ಲ. ಡಿಸೆಂಬರ್ 3ರ ಮಧ್ಯರಾತ್ರಿಯ ಹೊತ್ತಿಗೆ ಬಂದರಿನ ಹೊರಗೆ ಘಾಝಿ ಸ್ಫೋಟಗೊಂಡು ಮುಳುಗಿತು. ಐಎನ್‌ಎಸ್ ರಜಪೂತ್ ಎಸೆದ ಸಿಡಿಗುಂಡುಗಳೇ ಕಾರಣವೆಂದು ಭಾರತ ಹೇಳಿದರೆ, ಅದು ಆಕಸ್ಮಿಕ ಸ್ಫೋಟವೆಂದು ಪಾಕಿಸ್ತಾನ ಹೇಳುತ್ತದೆ. ಅದರಲ್ಲಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ, ಡಿಸೆಂಬರ್ 9ರಂದು ದಿಯು ಬಳಿ ನಮ್ಮ ಐಎನ್‌ಎಸ್ ಖುಕ್ರಿ ಮುಳುಗಿ, ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರೂ ಸೇರಿದಂತೆ 18 ಅಧಿಕಾರಿಗಳು ಮತ್ತು 176 ನಾವಿಕರು ಪ್ರಾಣ ಕಳೆದುಕೊಂಡರು.

2024ರಲ್ಲಿ ನಮ್ಮ ನೌಕಾಪಡೆಯ ಆಳಸಮುದ್ರ ರಕ್ಷಣಾ ವಾಹನವು ಘಾಝಿಯ ಅವಶೇಷವನ್ನು ಗುರುತಿಸಿತು. ಆದರೆ ಮಡಿದವರ ಮೇಲಿನ ಗೌರವದಿಂದ ಅದನ್ನು ಮುಟ್ಟದೆ ಬಿಡಲಾಯಿತು. ಶತ್ರುವೇ ಆಗಿದ್ದರೂ ಸತ್ತವನ ನಿದ್ದೆ ಕೆಡಿಸಬಾರದೆಂಬ ಈ ನಡೆ, ಗೆಲುವಿನಷ್ಟೇ ಹೆಮ್ಮೆ ಪಡಬೇಕಾದ ಸಂಗತಿ. ಎರಡೂ ಕಡೆ ಬಾಗಿಲಲ್ಲಿ ನಿಂತು ಕಾದ ತಾಯಂದಿರಿದ್ದರಲ್ಲವೇ?

ಕುರ್ಸುರಾ ನೋಡಲು ಹೋಗುವವರು ತೆರೆಯುವ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಂಡಿನೋವಿರುವ ಹಿರಿಯರಿಗೆ ಒಳಗಿನ ಬಾಗಿಲುಗಳು ಕಷ್ಟವಾಗಬಹುದು. ಮಕ್ಕಳು ಜೊತೆಗಿದ್ದರೆ ಸ್ಮಾರಕದ ಮುಂದೆ ಫೋಟೊ ತೆಗೆದು ಮರಳಬೇಡಿ. ಎದುರಿನ ಕಡಲನ್ನೂ ತೋರಿಸಿ, ಅದರ ತಳದಲ್ಲಿ ಯಾರಿದ್ದಾರೆಂದು ಹೇಳಿ. ಯುದ್ಧದ ಬೆಲೆ ಏನೆಂಬುದು ಅವರಿಗೆ ಆಗ ಅರ್ಥವಾದೀತು.